ಕೋಡಿ ಬಿದ್ದ ಗುರುವಾರ

ಮುತ್ತಮ್ಮ ಎರಡನೆಯ ಗಂಟನ್ನೂ ಬಿಗಿದು, ಸಡಿಲವಿದೆಯೇ ಎಂದು ಬೆರಳು ತೂರಿಸಿ ನೋಡಿದಳು. ಹಳೆಯ ಪಂಚೆಯೊಂದನ್ನು ಉದ್ದಕ್ಕೆ ಮಡಚಿ, ಬೈಕಿನ ಹಿಂದೆ ಕೂತ ಗಂಡನ ಬೆನ್ನಿನಿಂದ ಮುಂದೆ ಕೂತ ಮಗಳ ಹೊಟ್ಟೆಯವರೆಗೆ ಸುತ್ತಿ ತಂದಿದ್ದಳು. ಸೂರಿನಿಂದ ಇಳಿಯುತ್ತಿದ್ದ ನೀರು ಬೈಕಿನ ಹೆಡ್‌ಲೈಟಿನ ಮೇಲೆ ಬಿದ್ದು ಸಿಡಿಯುತ್ತಿತ್ತು.

"ತಲೆ ಸುತ್ತಿ ವಾಲಿದ್ರೂ ಈಗ ಬೀಳಾಕಿಲ್ಲ," ಎಂದಳು, ಯಾರಿಗೆ ಎಂದಿಲ್ಲದೆ.

ವಾಲಿದರೆ ಇಬ್ಬರೂ ಒಟ್ಟಿಗೇ ಬೀಳುವುದು ಎಂದು ರಮಾಗೆ ಅನ್ನಿಸಿತು. ಅಪ್ಪನ ಎದೆ ಅವಳ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ದೊಡ್ಡವಳಾದ ಮೇಲೆ ಅಪ್ಪ ಅವಳನ್ನು ಮುಟ್ಟಿದ್ದೇ ಅಪರೂಪ. ಈಗ ರೈನ್‌ಕೋಟನ್ನೂ ದಾಟಿ ಅವನ ಒಂದೊಂದು ಉಸಿರೂ ಅವಳಿಗೆ ಗೊತ್ತಾಗುತ್ತಿತ್ತು. ಒಳಗೆಲ್ಲೋ ಪಾತ್ರೆಯಲ್ಲಿ ನೀರು ಕುದಿಯುವ ಹಾಗೆ ಗೊರಗೊರ ಎಂದು ಬಂದು, ಅರ್ಧಕ್ಕೇ ನಿಂತು, ಮತ್ತೆ ಶುರುವಾಗುತ್ತಿತ್ತು.

ಅಪ್ಪ ಕರಿಯಯ್ಯ ಮೂವತ್ತೊಂದು ವರ್ಷ ಮಾದಿಹಳ್ಳಿ ಕಡೆಯ ಆ ಊರಿಗೆ ನೀರುಗಂಟಿಯಾಗಿದ್ದವನು. ಬೆಳಗಾದರೆ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಟ್ಟವನು, ಮಳೆಗಾಲದಲ್ಲಿ ಕೆರೆಯ ತೂಬು ಕಾಯ್ದವನು. ಎರಡು ವರ್ಷದಿಂದ ಅವನ ಪಾಲಿಗೆ ದಿನಕ್ಕೆ ಅರ್ಧ ಲೀಟರಿನ ಒಂದು ಬಾಟಲಿ, ಅಷ್ಟೆ. ಕಿಡ್ನಿ ಎರಡೂ ಕೈಕೊಟ್ಟಿದ್ದವು. ಸೋಮವಾರ ಮತ್ತು ಗುರುವಾರ ಮುತ್ತಮ್ಮನ ಜೊತೆ ಬಸ್ಸಿನಲ್ಲಿ ಬೇಲೂರಿನ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಈ ಸೋಮವಾರ ಮಳೆಗೆ ಬಸ್ಸು ಬಂದಿರಲಿಲ್ಲ. ಒಂದು ದಿನ ತಪ್ಪಿದರೆ ಏನಾಗುತ್ತದೆ ಎಂದು ಅವನೇ ಅಂದಿದ್ದ. ಮಂಗಳವಾರ ಕಾಲು ಊದಿತು. ಬುಧವಾರ ಮಲಗಲು ಆಗಲಿಲ್ಲ. ಗೋಡೆಗೆ ದಿಂಬು ಇಟ್ಟು ಕೂತೇ ಇದ್ದ. ನೀರು ಶ್ವಾಸಕೋಶಕ್ಕೆ ಏರಿದರೆ ಮನೆಯಲ್ಲಿ ಕೂತಲ್ಲೇ ಮುಳುಗಿದ ಹಾಗೆ ಎಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದರು. ಆ ಮಾತು ರಮಾಳ ತಲೆಯಿಂದ ಹೋಗಿರಲಿಲ್ಲ.

ಗುರುವಾರವೂ ಬಸ್ಸಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅರೇಹಳ್ಳಿ ಕಡೆ ಹೋಗಿದೆ, ಎರಡು ಗಂಟೆಯಾದರೂ ಆಗುತ್ತದೆ ಎಂದರು. ಅಣ್ಣ ಸಿದ್ಧಾರ್ಥ ಅರಸೀಕೆರೆಯಲ್ಲಿ ರೈಲ್ವೆ ಆಫೀಸಿನ ಗುಮಾಸ್ತ, ಅವನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಬೈಕು ಅವನದು. ಫೋನಿನಲ್ಲಿ ಅವನು ಒಂದೇ ಮಾತನ್ನು ಮೂರು ಸಲ ಹೇಳಿದ್ದ.

"ನೀರೊಳಗೆ ಆಕ್ಸಿಲೇಟರ್ ಮಾತ್ರ ಬಿಡ್ಬೇಡ ಕಣೇ, ಏನೇ ಆಗ್ಲಿ. ಬಿಟ್ಯೋ, ಸೈಲೆನ್ಸರ್ ನೀರು ಎಳ್ಕೊಳುತ್ತೆ. ಗಾಡಿ ಅಲ್ಲೇ ಕೂರುತ್ತೆ."

ರಮಾ ಬೈಕ್ ಕಲಿತದ್ದು ಹೈಸ್ಕೂಲಿನ ಮೈದಾನದಲ್ಲಿ, ಭಾನುವಾರದ ಬೆಳಿಗ್ಗೆ, ಯಾರೂ ಇಲ್ಲದಾಗ. ಯಾರಾದರೂ ಕಂಡರೆ ಇಳಿದು, ಕೆಟ್ಟಿರುವ ಗಾಡಿಯಂತೆ ತಳ್ಳಿಕೊಂಡು ಹೋಗುತ್ತಿದ್ದಳು. ಲೈಸೆನ್ಸ್ ಇತ್ತು. ಹಿಂದೆ ಒಂದು ಜೀವವನ್ನು ಕೂರಿಸಿಕೊಂಡು ಓಡಿಸಿದ್ದಿಲ್ಲ.

ಊರು ದಾಟುವ ಮೊದಲೇ ಏನೋ ಸರಿಯಿಲ್ಲ ಅನ್ನಿಸಿತು. ಮೆಲ್ಲಗೆ ಹೋದರೆ ಹೋಗುತ್ತಿತ್ತು. ಆಕ್ಸಿಲೇಟರ್ ಸ್ವಲ್ಪ ಹೆಚ್ಚಿಗೆ ತಿರುವಿದರೆ ಬೈಕು ಗಂಟಲು ಹಿಡಿದವರ ಹಾಗೆ ಬಿಕ್ಕಿ, ಕಸುವು ಕಳೆದುಕೊಂಡು, ಮತ್ತೆ ಮೆಲ್ಲಗಾದಾಗ ಸರಿಯಾಗುತ್ತಿತ್ತು. ತಾನೇ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಎಂದುಕೊಂಡಳು. ತಪ್ಪು ಏನಿದ್ದರೂ ಮೊದಲು ತನ್ನ ಕೈಯಲ್ಲಿ ಹುಡುಕುವ ಹುಡುಗಿ ಅವಳು. ಮಳೆ ಹೆಲ್ಮೆಟ್ಟಿನ ಗಾಜಿನ ಮೇಲೆ ಅಡ್ಡಡ್ಡ ಹರಿದು ಏನೂ ಕಾಣುತ್ತಿರಲಿಲ್ಲ. ಗಾಜು ಎತ್ತಿದರೆ ಹನಿಗಳು ಕಣ್ಣಿಗೆ ಚುಚ್ಚುತ್ತಿದ್ದವು. ಕೊನೆಗೆ ಎತ್ತಿಯೇ ಓಡಿಸಿದಳು.

ಎರಡು ಮೈಲಿ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ದೊಡ್ಡ ಮರ ಬಿದ್ದಿತ್ತು. ಬೇರು ಆಳೆತ್ತರ ಎದ್ದು ನಿಂತು, ಅದರ ಕೆಂಪು ಮಣ್ಣು ಬೆಲ್ಲದಂತೆ ಕರಗಿ ಇಳಿಯುತ್ತಿತ್ತು. ಮರದ ಈಚೆ ಗಂಗಾಧರಪ್ಪ ತನ್ನ ಆಟೋದ ಪರದೆ ಇಳಿಸಿ ಒಳಗೆ ಬೀಡಿ ಸೇದುತ್ತ ಕೂತಿದ್ದ. ಕರಿಯಯ್ಯನ ಓರಗೆಯವನು. ಪರದೆ ಸರಿಸಿ, ಪಂಚೆಯ ಗಂಟನ್ನೂ ಕರಿಯಯ್ಯನ ಊದಿದ ಮುಖವನ್ನೂ ನೋಡಿ ಬೀಡಿ ಎಸೆದ. ಆಮೇಲೆ ಎಂದಿನ ದನಿ ತಂದುಕೊಂಡ.

"ಏನ್ಲಾ ಕರಿಯ, ಈ ಪಾಟಿ ನೀರು ಬಿಟ್ಟಿದ್ದೀಯಲ್ಲೋ. ವಾಲ್ವಿನ ಕೀ ಎಲ್ಲಿ ಕಳ್ಕಂಡೆ?"

ಕರಿಯಯ್ಯ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ರಮಾಳ ಮೈಯೂ ಅದರ ಜೊತೆಗೇ ಅಲುಗಿತು.

ಜೆಸಿಬಿ ಬರಲು ಮಧ್ಯಾಹ್ನವಾಗುತ್ತದೆ, ದಾರಿಯಿದ್ದಿದ್ದರೆ ತಾನೇ ಕರೆದುಕೊಂಡು ಹೋಗುತ್ತಿದ್ದೆ ಎಂದ ಗಂಗಾಧರಪ್ಪ. ಬೈಕಿಗಾದರೆ ಕೆರೆ ಏರಿ ಇತ್ತು. ಏರಿಯ ಮೇಲೆ ಒಂದು ಮೈಲಿ ಹೋದರೆ ಮರದ ಆಚೆ ಮತ್ತೆ ರಸ್ತೆಗೇ ಸೇರುತ್ತದೆ.

"ಆದ್ರೆ ಕೆರೆ ತುಂಬಿ ಕೋಡಿ ಬಿದ್ದೈತೆ ಕಣವ್ವ. ಬೆಳಿಗ್ಗೆ ಹಾಲಿನವನು ಹೋದ. ಹೆಂಗೆ ದಾಟಿದ್ನೋ, ದಾಟ್ಲಿಲ್ವೋ, ವಾಪಸ್ ಬಂದು ಹೇಳಿಲ್ಲ ನನ್ಮಗ."

ರಮಾ ಅಪ್ಪನನ್ನು ಕೇಳಬೇಕೆಂದುಕೊಂಡಳು. ಕೇಳುವ ಮೊದಲೇ ಅವನ ಕೈ ಅವಳ ಭುಜದ ಮೇಲಿನಿಂದ ಬಂದು ಏರಿಯ ಕಡೆ ತೋರಿಸಿತು.

ಏರಿ ಎತ್ತಿನಗಾಡಿಯಷ್ಟೇ ಅಗಲ. ಎಡಗಡೆ ಕೆರೆ ಅಂಚಿನವರೆಗೆ ತುಂಬಿ, ಕಂದು ನೀರು ಹುಲ್ಲಿನ ಬುಡವನ್ನು ನೆಕ್ಕುತ್ತಿತ್ತು. ಬಲಗಡೆ ತೆಂಗಿನ ಮರಗಳ ತಲೆ ಕಾಲಿನ ಮಟ್ಟಕ್ಕೆ ಕಾಣುವಷ್ಟು ಇಳಿಜಾರು. ರಮಾ ಮೊದಲ ಗೇರಿನಲ್ಲಿ, ಎರಡೂ ಕಾಲನ್ನು ನೆಲಕ್ಕೆ ತಾಗಿಸಿಕೊಂಡು, ಕೆಸರು ಒದೆಯುತ್ತ ನಡೆಸಿದಳು. ಒಮ್ಮೆ ಹಿಂದಿನ ಚಕ್ರ ತಾನೇ ತಾನಾಗಿ ಕೆರೆಯ ಕಡೆ ಸರಿಯಿತು. ಎಲ್ಲಿಂದ ಬಂತೋ ತಿಳಿಯದ ಬಲದಲ್ಲಿ ಕಾಲೂರಿ ನಿಲ್ಲಿಸಿದಳು. ಕೆರೆಯ ಕಡೆ ನೋಡಬಾರದು, ಅಪ್ಪನ ಉಸಿರು ಎಣಿಸಬೇಕು ಎಂದುಕೊಂಡಳು. ಎಣಿಸಿದಳು. ಹನ್ನೊಂದು. ಹನ್ನೆರಡು. ಕೋಡಿಯ ಮೊರೆತ ಕೇಳಿಸುವಷ್ಟು ಹತ್ತಿರ ಬಂದಾಗ ಸಣ್ಣ ಏರು ಬಂತು. ತಿರುವಿದಳು. ಬೈಕು ಬಿಕ್ಕಿ ನಿಂತುಹೋಯಿತು.

ಅಪ್ಪನನ್ನು ಕಟ್ಟಿಕೊಂಡು ಕಿಕ್ ಹೊಡೆಯಲು ಆಗುವುದಿಲ್ಲ. ಗಂಟು ಬಿಚ್ಚಿ ಅವನನ್ನು ಏರಿಯ ಕಲ್ಲಿನ ಮೇಲೆ ಕೂರಿಸಿ, ತಲೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದಳು. ಸ್ಟ್ಯಾಂಡು ಕೆಸರಿನಲ್ಲಿ ಹೂತುಹೋಗುತ್ತಿತ್ತು, ಅದರಡಿ ಚಪ್ಪಟೆ ಕಲ್ಲೊಂದನ್ನು ಕೊಟ್ಟಳು. ಅಣ್ಣ ಮಾಡುತ್ತಿದ್ದುದನ್ನು ನೆನೆದು ಪ್ಲಗ್ಗಿನ ಟೋಪಿ ಕಿತ್ತು, ರೈನ್‌ಕೋಟಿನೊಳಗೆ ಒಣಗಿದ್ದ ವೇಲಿನ ತುದಿಯಿಂದ ಒರೆಸಿ, ಊದಿ, ಮತ್ತೆ ಸಿಕ್ಕಿಸಿದಳು. ಏಳನೆಯ ಕಿಕ್ಕಿಗೆ ಹೊತ್ತಿಕೊಂಡಿತು. ಮೆಲ್ಲಗೆ ಬಡಿದುಕೊಳ್ಳುತ್ತಿತ್ತು. ತಿರುವಿದಳು, ಆರಿತು. ಇನ್ನೊಮ್ಮೆ ಒರೆಸಿ ಹಚ್ಚಿದಳು. ತಿರುವಿದ ಕೂಡಲೇ ಆರಿತು. ಇಂಥ ಗಾಡಿಯನ್ನು ಕೋಡಿಯ ನೀರಿಗೆ ಇಳಿಸಿದರೆ ನಡುವೆಯೇ ನಿಲ್ಲುತ್ತದೆ. ಹಿಂದಕ್ಕೆ ತಿರುಗಿಸಲು ಜಾಗವಿಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಯಾರನ್ನಾದರೂ ಕೂಗಬೇಕೆಂದರೆ ಕಣ್ಣಿಗೆ ಕಾಣುವಷ್ಟು ದೂರ ನೀರೇ.

ಕರಿಯಯ್ಯ ಪ್ಲಾಸ್ಟಿಕ್ಕಿನೊಳಗಿಂದ ಗಾಡಿಯ ಸದ್ದನ್ನು ಆಲಿಸುತ್ತಿದ್ದ.

"ಸುಮ್ನಿದ್ದಾಗ ಸರಿ ಐತೆ," ಎಂದ. ಪ್ರತಿ ಮಾತಿಗೂ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. "ಬಲ ಕೇಳಿದ್ರೆ ಕಟ್ಕೋತೈತೆ. ಗಾಳಿ ಸಾಲ್ತಿಲ್ಲ ಕಣ್ ಮಗ, ಅದುಕ್ಕೆ."

ಆಮೇಲೆ ಕೈಯೆತ್ತಿ ಸೀಟಿನಡಿ ತೋರಿಸಿದ.

"ಸೈಡಿನ ಮುಚ್ಚಳ ತೆಗಿ. ನಾನೇ ಕಟ್ಟಿದ್ದು."

ಕೀಲಿ ಹಾಕಿ ಮುಚ್ಚಳ ತೆಗೆದಳು. ಸೀಟಿನಡಿ ಗಾಳಿ ಎಳೆಯುವ ಕರಿಯ ಡಬ್ಬದ ಬಾಯಿಗೆ ಹಿಂಡಿ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ಸುತ್ತಿತ್ತು. ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ, ಸುತ್ತಿನ ಮೇಲೆ ಸುತ್ತು. ಊರಿನ ಯಾವ ಪೈಪು ಸೋರಿದರೂ ಅಪ್ಪ ಕಟ್ಟುತ್ತಿದ್ದುದು ಹೀಗೆಯೇ. ಗೇಟ್‌ವಾಲ್ವಿನ ಹತ್ತಿರ, ಶಾಲೆಯ ಟ್ಯಾಂಕಿನಡಿ, ಹನುಮಮ್ಮನ ಮನೆಯ ನಲ್ಲಿಯಲ್ಲಿ, ಎಲ್ಲಿ ನೋಡಿದರೂ ಅವನ ಕರಿಯ ಪಟ್ಟಿ. ನಸುಕಿನಲ್ಲಿ ನಿದ್ದೆಯಿಲ್ಲದೆ ಕೂತವನಿಗೆ ಮಗನ ಬೈಕಿನ ಮೇಲೆ ಮಳೆ ಹೊಡೆಯುವುದು ಕೇಳಿಸಿತ್ತಂತೆ. ಗೋಡೆ ಹಿಡಿದುಕೊಂಡು ಹೊರಗೆ ಬಂದು ಮುಚ್ಚಳ ತೆಗೆದು ನೋಡಿದರೆ ಡಬ್ಬವೊಂದು ಬಾಯಿ ತೆರೆದುಕೊಂಡಿದೆ. ನೀರು ಹೋಗದೆ ಇರುತ್ತದೆಯೇ?

"ಒಳಕ್ಕೆ ನೀರು ಹೋದ್ರೆ ಬೆಳಿಗ್ಗೆ ನಿಂಗೆ ಕಷ್ಟ ಆಯ್ತದೆ ಅಂತ," ಎಂದು ಕರಿಯಯ್ಯ ಹೇಳಿ, ಮುಂದೆ ಹೇಳಲು ಉಸಿರಿಲ್ಲದೆ ಬಿಟ್ಟ.

ರಮಾಗೆ ಜೋರಾಗಿ ಕಿರುಚಬೇಕೆನ್ನಿಸಿತು. ಕಿರುಚಿ ಅಭ್ಯಾಸವಿರಲಿಲ್ಲ. ಮರಗಟ್ಟಿದ ಬೆರಳುಗಳಿಂದ ಪಟ್ಟಿಯ ತುದಿ ಹುಡುಕಿದಳು, ಸಿಗಲಿಲ್ಲ. ಹಲ್ಲು ಹಚ್ಚಲು ಬಗ್ಗಿದರೆ ಬಾಯಿ ಅಲ್ಲಿಗೆ ಎಟುಕಲಿಲ್ಲ. ಅಷ್ಟರಲ್ಲಿ ಅಪ್ಪ ಎದ್ದಿದ್ದ. ಬೇಡ, ಕೂತ್ಕೋ ಎನ್ನುವಷ್ಟರಲ್ಲಿ ನಾಲ್ಕು ಹೆಜ್ಜೆ ಬಂದು ಸೀಟು ಹಿಡಿದು ನಿಂತ. ಕಣ್ಣು ಮುಚ್ಚಿಕೊಂಡೇ ಊದಿದ ಬೆರಳನ್ನು ಒಳಗೆ ಹಾಕಿ, ಕೊನೆಯ ಸುತ್ತಿನಡಿ ಸಿಕ್ಕಿಸಿದ್ದ ತುದಿಯನ್ನು ಮುಟ್ಟಿ ಗುರುತು ಹಿಡಿದು, ಒಂದೇ ಎಳೆತ ಎಳೆದ. ಪಟ್ಟಿ ಹಾವಿನಂತೆ ಬಿಚ್ಚಿಕೊಂಡಿತು. ಪ್ಲಾಸ್ಟಿಕ್ಕು ಮಾತ್ರ ಡಬ್ಬದ ಬಾಯೊಳಗೆ ಬಟ್ಟಲಿನ ಹಾಗೆ ಕುಳಿಬಿದ್ದು ಅಂಟಿಕೊಂಡಿತ್ತು. ರಮಾ ಅದನ್ನು ಕಿತ್ತು ಎಸೆದಳು.

ಈ ಸಲ ಕಿಕ್ ಹೊಡೆದು ತಿರುವಿದಾಗ ಎಂಜಿನ್ನು ಇಡೀ ಏರಿಗೆ ಕೇಳುವ ಹಾಗೆ ಕೂಗಿತು.

ಅಪ್ಪನನ್ನು ಹತ್ತಿಸಿ, ಪಂಚೆಯನ್ನು ಅವಳೇ ಸುತ್ತಿ ಬಿಗಿದಳು. ಗಂಟು ಅಮ್ಮನದಷ್ಟು ಚೆನ್ನಾಗಿ ಬರಲಿಲ್ಲ.

ಕೋಡಿಯಲ್ಲಿ ಇಪ್ಪತ್ತು ಮಾರು ಅಗಲಕ್ಕೆ ನೀರು ಏರಿಯ ಮೇಲಿಂದಲೇ ಉರುಳಿ ಬಲಗಡೆಯ ಕಣಿವೆಗೆ ಧುಮುಕುತ್ತಿತ್ತು. ಅಡಿಯಲ್ಲಿ ಕಲ್ಲು ಹಾಸಿದೆ ಎಂದು ಗೊತ್ತು, ಎಲ್ಲಿ ಕಿತ್ತುಹೋಗಿದೆ ಎಂದು ಗೊತ್ತಿಲ್ಲ. ಹೋಗುವುದಿಲ್ಲ, ಇಲ್ಲೇ ಕೂರುತ್ತೇನೆ ಎಂದು ರಮಾಳ ಒಳಗಿನಿಂದ ಯಾರೋ ಹೇಳಿದರು. ಆಗ ಅಪ್ಪನ ಗಲ್ಲ ಅವಳ ಭುಜಕ್ಕೆ ತಾಗಿತು.

"ನುಣ್ಣಗೆ ಹರಿಯೋ ಕಡೆ ಹೋಗ್ಬೇಡ. ಅಲ್ಲಿ ಗುಂಡಿ ಐತೆ. ನೊರೆ ಏಳೋ ಕಡೆ ಕಲ್ಲೈತೆ. ನೊರೆ ಮ್ಯಾಲೇ ಹೋಗು."

ನುಣ್ಣಗೆ ಹರಿಯುವ ಕಡೆಯೇ ಸಮಾಧಾನವಾಗಿ ಕಾಣುತ್ತಿತ್ತು. ಅವಳು ಹಲ್ಲು ಕಚ್ಚಿ ನೊರೆಯ ಕಡೆ ಹ್ಯಾಂಡಲ್ ತಿರುಗಿಸಿದಳು. ನೀರು ಮೊದಲು ಪಾದಕ್ಕೆ, ಆಮೇಲೆ ಮೀನಖಂಡಕ್ಕೆ ಬಂತು. ಸೈಲೆನ್ಸರ್ ಮುಳುಗಿ ಗುಳುಗುಳು ಎನ್ನತೊಡಗಿತು. ಆಕ್ಸಿಲೇಟರನ್ನು ಬಿಡಲಿಲ್ಲ. ಹರಿವು ಚಕ್ರವನ್ನು ಮೊಣಕೈಯಿಂದ ತಿವಿದ ಹಾಗೆ ಬಲಕ್ಕೆ ತಳ್ಳುತ್ತಿತ್ತು. ಕಲ್ಲೊಂದರ ಮೇಲೆ ಮುಂದಿನ ಚಕ್ರ ಎಗರಿ ಇಳಿಯಿತು. ಅರ್ಧ ದಾಟಿರಬೇಕು, ಆಗ ಬೆನ್ನಿನ ಮೇಲೆ ಅಪ್ಪನ ಉಸಿರು ಗೊತ್ತಾಗುತ್ತಿಲ್ಲ ಎಂಬುದು ಗಮನಕ್ಕೆ ಬಂತು.

"ಅಪ್ಪ," ಎಂದಳು. ಅವನ ತಲೆ ಅವಳ ಕತ್ತಿನ ಪಕ್ಕ ಭಾರವಾಗಿ ಬಿದ್ದಿತ್ತು. ತಿರುಗಿ ನೋಡಿದರೆ ಇಬ್ಬರೂ ಕಣಿವೆಗೆ. ಕೈ ಸಡಿಲಿಸಿದರೆ ಗಾಡಿ ನೀರು ಕುಡಿಯುತ್ತದೆ. ಅವಳು ನೊರೆಯನ್ನೇ ನೋಡುತ್ತ, ತನ್ನ ಬೆನ್ನನ್ನು ಅವನ ಎದೆಗೆ ಒತ್ತಿ ಒತ್ತಿ ಹುಡುಕಿದಳು. ಅಲ್ಲಿ ಏನೂ ಸಿಗಲಿಲ್ಲ. ಚಕ್ರಕ್ಕೆ ಮಣ್ಣು ಸಿಕ್ಕಿತು. ನೀರು ಮೀನಖಂಡದಿಂದ ಪಾದಕ್ಕೆ ಇಳಿಯಿತು. ಸೈಲೆನ್ಸರ್ ಕೆಮ್ಮಿ ನೀರು ಉಗಿಯಿತು.

"ಅಪ್ಪ," ಎಂದು ಈ ಸಲ ಅವಳು ಕೂಗಿದಳು. ತನ್ನ ದನಿ ಇಷ್ಟು ದೊಡ್ಡದು ಎಂದು ಅವಳಿಗೇ ತಿಳಿದಿರಲಿಲ್ಲ.

ಗೊರ ಎಂದು ಒಂದು ಉಸಿರು ಬಂತು. "ನಿಲ್ಸ್‌ಬೇಡ," ಎಂದ ಕರಿಯಯ್ಯ. "ಹೋಗ್ತಾ ಇರು."

ಬೇಲೂರು ಮುಟ್ಟಿದಾಗ ಹತ್ತೂವರೆ. ವಾರ್ಡಿನ ಬಾಗಿಲಲ್ಲೇ ನಿಂತ ಬೈಕಿನ ಮೇಲೆ ನೆನೆದ ಗಂಟು ಬಿಚ್ಚಲಾಗದೆ ಸಿಸ್ಟರ್ ಮಂಜುಳಾ ಕತ್ತರಿ ತಂದು ಪಂಚೆಯನ್ನೇ ಕತ್ತರಿಸಿದರು. ಸೋಮವಾರ ಯಾಕೆ ಬರಲಿಲ್ಲ ಎಂದು ಗದರಿಸುತ್ತಲೇ ಮೂಗಿಗೆ ಆಕ್ಸಿಜನ್ ಇಟ್ಟರು, ತೂಕ ನೋಡಿದರು, ಮೈಯಲ್ಲಿ ಆರು ಕೆಜಿ ನೀರು ಸೇರಿದೆ ಎಂದರು. ಡಾಕ್ಟರು ಓಡಿ ಬಂದರು. ಮಷಿನ್ ಶುರುವಾಯಿತು. ಇನ್ನೊಂದು ಗಂಟೆ ತಡವಾಗಿದ್ದರೆ ಎಂದು ಯಾರೋ ಹೇಳಿದ್ದು ಕೇಳಿಸಿತು. ಆ ಮಾತು ಮುಗಿಯುವ ಮೊದಲೇ ಅವಳು ಹೊರಗೆ ಬಂದಿದ್ದಳು. ಕೂರುವುದಕ್ಕೆ ಜಾಗವಿತ್ತು, ಕೂರಲಾಗಲಿಲ್ಲ.

ಬೈಕನ್ನು ಯಾರೋ ಶೆಡ್ಡಿನಡಿ ನಿಲ್ಲಿಸಿದ್ದರು. ನೀರಿಗಿಳಿದ ಗಾಡಿಯನ್ನು ಹಾಗೇ ಬಿಡಬಾರದು, ಸ್ವಲ್ಪ ಹೊತ್ತು ಓಡಿಸಿ ಒಣಗಿಸಬೇಕು ಎಂದು ಸಿದ್ಧಾರ್ಥ ಹೇಳುತ್ತಿದ್ದುದು ನೆನಪಾಗಿ ಸ್ಟಾರ್ಟ್ ಮಾಡಿದಳು. ಚೈನಿಗೆ ಸಿಕ್ಕಿದ್ದ ಹುಲ್ಲನ್ನು ಒಂದೊಂದೇ ಬಿಡಿಸಿದಳು. ಸೀಟಿನಿಂದ ಹನಿಗಳು ಸೈಲೆನ್ಸರಿನ ಮೇಲೆ ಬಿದ್ದು ಚುಂಯ್ ಎಂದು ಹಬೆಯಾಗುತ್ತಿದ್ದವು. ಹುಲಿಕೆರೆಯಿಂದ ಗಂಡನನ್ನು ಕರೆತಂದಿದ್ದ ಲಕ್ಕಮ್ಮ ಎಂಬ ಮುದುಕಿ, ಸೊಂಟದವರೆಗೆ ನೆನೆದವಳು, ಗೋಡೆಯ ಪಕ್ಕದಿಂದ ಮೆಲ್ಲಗೆ ಬಂದು ಎಂಜಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಲೆಗೆ ಹಿಡಿದ ಹಾಗೆ ಎರಡೂ ಅಂಗೈ ಹಿಡಿದಳು.

"ಆರಿಸ್ಬೇಡ ಕಣ್ ತಾಯಿ," ಎಂದಳು. "ಇನ್ನೊಂದು ಗಳಿಗೆ ಇರ್ಲಿ."

ರಮಾ ಕೀಲಿಯ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ನೆನೆದ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮುದುಕಿ ಅವನ್ನು ನೋಡಿ, ಕೂತಲ್ಲೇ ಒಂದು ಗೇಣು ಆಚೆ ಸರಿದಳು. ರಮಾ ಆ ಜಾಗದಲ್ಲಿ ಕೂತು ಕೈ ಚಾಚಿದಳು. ಹೊರಗೆ ಮಳೆ ಹಾಗೆಯೇ ಹೊಡೆಯುತ್ತಿತ್ತು. ಬಿಸಿಯ ಮುಂದೆ ನಾಲ್ಕು ಒದ್ದೆ ಅಂಗೈಗಳಿಂದ ಸಣ್ಣಗೆ ಹಬೆ ಏಳತೊಡಗಿತು.