ತಲೆ ಹಿಂದೆ ಮುಖ ಕಟ್ಟಿಕೊಂಡವನ ಸಿನಿಮಾ

ಎಲ್ಲಿಂದ ಶುರು ಮಾಡಲಿ? ಕತ್ತಿಯಿಂದಲೋ, ಮಾಂತ್ರಿಕನಿಂದಲೋ, ನನ್ನ ಅಕ್ಕನಿಂದಲೋ? ಅಕ್ಕನಿಂದ ಶುರು ಮಾಡಿದರೆ ಇದು ಸಿನಿಮಾ ಲೇಖನವಲ್ಲ ಎಂದು ನೀವು ಪುಟ ಮಗುಚುತ್ತೀರಿ. ಅವಳ ವಿಷಯ ಬರೆಯಲು ನನಗೂ ಭಯ. ಸಂಪಾದಕಿಯಿಂದ ಶುರು ಮಾಡುತ್ತೇನೆ.

ತೇಜಸ್ವಿನಿ ಎನ್ನುವವರು ಚಾಮರಾಜನಗರದಿಂದ ಒಂದು ಮಾಸಪತ್ರಿಕೆ ತರುತ್ತಾರೆ. ಫೋನ್ ಮಾಡಿ, "ಸಾರ್, ಕತ್ತಿ ಕಾಳಗ, ಮಾಟಮಂತ್ರ, ಫ್ಯಾಂಟಸಿ. ನೋಡಲೇಬೇಕಾದ ಹತ್ತು ಸಿನಿಮಾ ಬರ್ಕೊಡಿ," ಎಂದರು. ನಾನು ಪುಟ್ಟಮಾದು. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ, ಊರ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಕಥೆ ಬರೆಯುತ್ತೇನೆ. ಹತ್ತು ಗೊತ್ತಿಲ್ಲ, ಮೂರು ಗೊತ್ತು ಎಂದೆ. ಮೂರೇ ಕೊಡಿ ಎಂದರು.

(ಮೊದಲ ಡ್ರಾಫ್ಟ್ "ಸಿನಿಮಾ ಒಂದು ಅದ್ಭುತ ಮಾಧ್ಯಮ" ಎಂದು ಶುರುವಾಗಿತ್ತು. ಹರಿದು ಹಾಕಿದೆ. ಅಂಥ ಸಾಲು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.)

೧

ಮೊದಲನೆಯ ಸಿನಿಮಾದ ಹೆಸರು ಗೊತ್ತಿಲ್ಲ. ನಾಯಕನಿಗೆ ಅಂಗಿ ಇಲ್ಲ, ಅವನಷ್ಟೇ ಉದ್ದದ ಕತ್ತಿ ಇದೆ. ಅದನ್ನು ಎತ್ತುವಾಗ ಅವನಿಗೆ ನಿಜಕ್ಕೂ ತೋಳು ನೋಯುತ್ತದೆ. ಅದಕ್ಕೇ ನೋಡಬೇಕು. ಈಗಿನವುಗಳಲ್ಲಿ ಎಲ್ಲ ಕಂಪ್ಯೂಟರ್ ಕೆಲಸ, ಕತ್ತಿಗೆ ತೂಕವೇ ಇಲ್ಲ, ಪೊರಕೆಕಡ್ಡಿ ಬೀಸಿದ ಹಾಗೆ ಬೀಸುತ್ತಾರೆ.

೨

ಎರಡನೆಯದರ ಹೆಸರೂ ಗೊತ್ತಿಲ್ಲ. ಒಬ್ಬ ಮಾಟಗಾತಿ ತನ್ನ ಮುಪ್ಪನ್ನು ಮಣ್ಣಿನ ಮಡಕೆಯಲ್ಲಿ ಮುಚ್ಚಿಟ್ಟಿರುತ್ತಾಳೆ. ಕೊನೆಯಲ್ಲಿ ಮಡಕೆ ಒಡೆಯುವುದು ನಾಯಕನಲ್ಲ, ಅವಳೇ. ಯಾಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಅತ್ತಿದ್ದು ನೆನಪಿದೆ.

೩

ಇದಕ್ಕೆ ಮುಂಚೆ ಒಂದು ಮಾತು ಹೇಳಬೇಕು. ಮೂರನ್ನೂ ನಾನು ನೋಡಿದ್ದು ನಮ್ಮೂರು ಹಂಗಳದಲ್ಲಿ, ಖಾಲಿ ಬಿದ್ದ ರೇಷ್ಮೆ ಹುಳದ ಮನೆಯಲ್ಲಿ, ಬಾಡಿಗೆಗೆ ತಂದ ಟಿವಿ ಮತ್ತು ವಿಡಿಯೋ ಪ್ಲೇಯರಿನಲ್ಲಿ. ಸಿನಿಮಾ ಇಂಗ್ಲಿಷಿನದು. ಊರಿಗೆ ಇಂಗ್ಲಿಷ್ ಬರದು. ಅದಕ್ಕೆ ನಿಂಗರಾಜು ಎಂಬ ಹುಡುಗ ಟಿವಿ ಪಕ್ಕ ಕೋಲು ಹಿಡಿದು ನಿಂತು, ಯಾರು ಏನು ಹೇಳಿದರು ಎಂದು ಕನ್ನಡದಲ್ಲಿ ಒದರುತ್ತಿದ್ದ. ಮುಂದೆ ನನ್ನ ಅಕ್ಕ ಸುಂದ್ರಮ್ಮ ಅವನನ್ನೇ ಮದುವೆಯಾದಳು. ಈಗ ಅವನು ನನ್ನ ಭಾವ.

ಮೂರನೆಯ ಸಿನಿಮಾದಲ್ಲಿ ಒಕ್ಕಣ್ಣಿನ ಮಾಂತ್ರಿಕ ಒಂದು ಮೃಗ ಸಾಕಿರುತ್ತಾನೆ. ಅದು ಹಿಂದಿನಿಂದ ಬಂದು ಕತ್ತಿಗೇ ಬಾಯಿ ಹಾಕುತ್ತದೆ. (ಕುತ್ತಿಗೆಗೆ ಎಂದು ಓದಿಕೊಳ್ಳಿ. ಬರೆದದ್ದನ್ನು ತಿದ್ದುವುದಿಲ್ಲ.) ನಾಯಕ ತಲೆಯ ಹಿಂದೆ ಇನ್ನೊಂದು ಮುಖ ಕಟ್ಟಿಕೊಂಡು ಕಾಡು ದಾಟುತ್ತಾನೆ. ಮುಖ ಕಂಡರೆ ಮೃಗ ಎರಗುವುದಿಲ್ಲ. ಆದರೆ ಕಾಡು ಮುಗಿಯುವ ತನಕ ಅವನು ಹಿಂದೆ ತಿರುಗಬಾರದು. ತಿರುಗಿದರೆ ಎರಡರಲ್ಲಿ ಯಾವುದು ಕಟ್ಟಿದ ಮುಖ ಎಂದು ಅದಕ್ಕೆ ತಿಳಿದುಬಿಡುತ್ತದೆ. ನೋಡಲೇಬೇಕಾದ ಸಿನಿಮಾ ಎಂದರೆ ಇದು. ಅಕ್ಕ ನನ್ನ ಕೈಗೆ ಉಗುರು ಊರಿ ಕೂತಿದ್ದಳು.

ಇಷ್ಟು ಬರೆದು ಕಳಿಸಿದೆ. ಲೇಖನ ಇಲ್ಲಿಗೆ ಮುಗಿಯಬೇಕಿತ್ತು.

೩, ಮತ್ತೆ

ತೇಜಸ್ವಿನಿ ಫೋನ್ ಮಾಡಿದರು. "ಸಾರ್, ಒಕ್ಕಣ್ಣಿನ ಮಾಂತ್ರಿಕಂದು ಹುಡುಕಿ ನೋಡ್ದೆ. ಮುಖವಾಡಾನೇ ಇಲ್ಲ. ಕಾಡೂ ಇಲ್ಲ. ಹೀರೋ ಹಡಗು ಹತ್ತಿ ಹೋಗ್ತಾನೆ."

"ನೀವು ಬೇರೆ ಯಾವುದೋ ನೋಡಿದ್ದೀರಿ."

"ಅದೇ ಸಾರ್. ಕಪ್ಪು ಕೋಟೆ, ಮೂರು ಕಾಲಿನ ಸಿಂಹಾಸನ, ನೀವು ಫೋನಲ್ಲಿ ಹೇಳಿದ್ದೆಲ್ಲ ಇದೆ."

ಸಿನಿಮಾ ನೋಡಲು ಬರದವರು ಪತ್ರಿಕೆ ಯಾಕೆ ಮಾಡುತ್ತೀರಿ ಎಂದು ಕೂಗಾಡಿ ಫೋನ್ ಇಟ್ಟೆ. ಆಮೇಲೆ ಭಾವನಿಗೆ ಫೋನ್ ಮಾಡಿದೆ.

"ಭಾವ, ಆ ಮುಖ ಕಟ್ಕೊಳ್ಳೋ ಸೀನು ಸಿನಿಮಾದಲ್ಲಿ ಇಲ್ವಂತೆ."

"ಇಲ್ಲ ಕಣ್ಲಾ ಮಾದು."

"ಇಲ್ಲ ಅಂದ್ರೆ?"

"ಕ್ಯಾಸೆಟ್ ಕೆಟ್ಟೋಗಿತ್ತು. ನಡುವೆ ಹತ್ತು ನಿಮಿಷ ಬರೀ ಗೆರೆ. ಜನ ಎದ್ ಹೊಂಟೋಯ್ತಾರಲ್ಲ ಅಂತ ಬಾಯಿಗೆ ಬಂದುದ್ದ ಸೇರುಸ್ಬುಟ್ಟೆ."

"ಉಳಿದದ್ದು?"

"ಉಳಿದುದ್ದೂವೆ. ನಂಗೆ ಯಾವ ಇಂಗ್ಲಿಷ್ ಬತ್ತಿತ್ತು? ಯೆಸ್ಸು, ನೋ, ಕಮಾನು. ಅಷ್ಟ್ರಲ್ಲೇ ಮೂರ್ ವರ್ಷ ತಳ್ಳುದ್ನಲ್ಲ, ಬುಡು."

ನಗು ಬರಬೇಕಿತ್ತು. ಬರಲಿಲ್ಲ. ಯಾಕೆ ಎಂದು ಹೇಳುವುದಕ್ಕೆ ನಿಮ್ಮನ್ನು ಕಳೆದ ಭಾನುವಾರಕ್ಕೆ ಕರೆದುಕೊಂಡು ಹೋಗಬೇಕು.

ಭಾನುವಾರ

ಒಂದು ತಿಂಗಳಿಂದ ಹಂಗಳದ ಹೊಲಗಳ ಕಡೆ ಹುಲಿ ಓಡಾಡುತ್ತಿದೆ. ಎರಡು ಹಸು ಹೋದವು. ಹಿಂದಿನಿಂದ ಹುಲಿ ಎರಗದಿರಲಿ ಎಂದು ಕೂಲಿಗೆ ಹೋಗುವ ಹೆಂಗಸರು ತಲೆಯ ಹಿಂದೆ ಮುಖವಾಡ ಕಟ್ಟಿಕೊಳ್ಳುತ್ತಾರೆ, ಆದರೂ ಗುಂಪು ಬಿಡುವುದಿಲ್ಲ, ಗಳಿಗೆಗೊಮ್ಮೆ ಸುತ್ತ ನೋಡುತ್ತಾರೆ. ನನ್ನ ಅಕ್ಕ ಮಾತ್ರ ದೊಡ್ಡಬೀರಯ್ಯನ ಅರಿಶಿನದ ಹೊಲದಲ್ಲಿ, ಕಾಡಿಗೆ ಅಂಟಿದ ಕೊನೆಯ ಸಾಲಿನಲ್ಲಿ, ಒಬ್ಬಳೇ ಬಗ್ಗಿ ಕಳೆ ಕೀಳುತ್ತಿದ್ದಳು.

ಹಿಂದಿನಿಂದ ಅಕ್ಕಾ ಎಂದು ಕರೆದೆ. ತಿರುಗಲಿಲ್ಲ. ಗುಂಡ್ಲುಪೇಟೆಯ ಅಂಗಡಿಯಲ್ಲಿ ಕೊಂಡ ಮೀಸೆಯ ಪ್ಲಾಸ್ಟಿಕ್ ಮುಖವೊಂದು ನನ್ನನ್ನೇ ನೋಡುತ್ತಿತ್ತು. ಇನ್ನೆರಡು ಸಲ ಕೂಗಿದೆ. ಕೊನೆಗೆ ಬದು ಸುತ್ತಿಕೊಂಡು ಹೋಗಿ ಎದುರು ನಿಂತೆ.

"ಕಿವಿ ಕೇಳಕ್ಕಿಲ್ವಾ ನಿಂಗೆ?"

"ಕೇಳ್ತದೆ. ಹೊಲದಲ್ಲಿ ನಾನು ಹಿಂದಕ್ ತಿರುಗಕ್ಕಿಲ್ಲ. ನಿಂಗೊತ್ತಿಲ್ವಾ, ನೀನೂ ಜೊತೇಲೇ ನೋಡಿದ್ಯಲ್ಲ."

"ಮಿಕ್ಕವರೆಲ್ಲ ಆ ಕಡೆ ಅವ್ರೆ."

"ಅವು ಪುಕ್ಕಲು ಕಣ್ಲಾ. ಒಂದು ಕಡ್ಡಿ ಮುರುದ್ರೂ ತಿರುಗಿ ತಿರುಗಿ ನೋಡ್ತವೆ. ಹಂಗೆ ನೋಡುದ್ರೆ ಕಟ್ಕಂಡಿದ್ದು ದಂಡ. ಅದ್ಕೇ ಕಾಡಂಚಿನ ಸಾಲು ನಂದು."

ಅವತ್ತು ನಾನು ನಕ್ಕುಬಿಟ್ಟೆ. ಧೈರ್ಯಗಾತಿ ಎಂದೆ. ಈಗ ಲೆಕ್ಕ ಹಾಕಿ ನೋಡಿ: ಹುಲಿ ಇರುವ ಹೊಲದಲ್ಲಿ, ಹಿಂದೆ ಏನು ಸದ್ದಾದರೂ ತಿರುಗದೆ ಕೆಲಸ ಮಾಡುವ ಒಬ್ಬ ಹೆಂಗಸು. ಕಾರಣ, ಒಂದು ಕೆಟ್ಟ ಕ್ಯಾಸೆಟ್ಟಿನ ಹತ್ತು ನಿಮಿಷ.

ಭಾವ, ಎರಡನೇ ಸಲ

"ನೀನೇ ಹೇಳು ಅವಳಿಗೆ."

"ನನ್ ಕೈಲಿ ಆಗಕ್ಕಿಲ್ಲ ಮಾದು. ಅವ್ಳು ನನ್ನ ಒಪ್ಕಂಡಿದ್ದೇ ಆ ಸಿನಿಮಾ ಕೇಳಿ. ಏಸು ವರ್ಸಾದೊ. ಈಗ ಸುಳ್ಳು ಅಂತ ಹೆಂಗೆ ಹೇಳನ?"

"ಹುಲಿ ಹಿಡಿದರೆ ಹೇಳ್ತೀಯ?"

"ನೀ ಬರೀತಾ ಇದ್ದೀಯಲ್ಲ, ನೀನೇ ಹಿಡ್ಸು. ಬೋನ್ ಇಟ್ಟು ಹಿಡುದ್ರು ಅಂತ ಬರ್ದ್ಬುಡು."

"ಕಥೇಲಿ ಹಿಡಿದರೆ ಹೊಲದಲ್ಲಿ ಇರಲ್ವಾ ಭಾವ?"

ಅವನು ಫೋನ್ ಇಟ್ಟುಬಿಟ್ಟ. ಅವನಿಗೂ ನನ್ನಷ್ಟೇ ಭಯವಾಗಿದೆ ಎಂದು ತಿಳಿದು ನನ್ನದು ಇನ್ನೂ ಹೆಚ್ಚಿತು.

ಅಂತ್ಯಗಳು

ಅಂತ್ಯ ಒಂದು. ಮೂರನೆಯ ಸಿನಿಮಾವನ್ನು ಪಟ್ಟಿಯಿಂದ ತೆಗೆಯುತ್ತೇನೆ. ಯಾರಿಗೂ ಏನೂ ತಿಳಿಯುವುದಿಲ್ಲ. ಅಕ್ಕ ನಾಳೆ ಮತ್ತೆ ಕೊನೆಯ ಸಾಲಿಗೆ ಹೋಗುತ್ತಾಳೆ. (ಅಳಿಸಿದೆ. ಇದನ್ನು ಬರೆದ ಕೈಯಲ್ಲಿ ಆಮೇಲೆ ಅನ್ನ ತಿನ್ನಲಾರೆ.)

ಅಂತ್ಯ ಎರಡು. ಭಾವ ಹೇಳಿದ ಹಾಗೆ ಬೋನು, ಹುಲಿ, ಊರ ಜನರ ಶಿಳ್ಳೆ. (ಅರ್ಧ ಬರೆದೆ. ನನ್ನ ಅಕ್ಷರವೇ ನನ್ನನ್ನು ನೋಡಿ ಹಲ್ಲು ಕಿರಿಯಿತು.)

ಅಂತ್ಯ ಮೂರು. ಬರೆಯುವುದು ಬಿಟ್ಟು ಅಕ್ಕನಿಗೆ ಫೋನ್ ಮಾಡುವುದು. ಸಂಜೆ ನಾಲ್ಕು ಗಂಟೆ. ಮಾಡಿದೆ.

"ಏನ್ಲಾ ಮಾದು?"

"ಎಲ್ಲಿದ್ದೀಯೆ?"

"ಇನ್ನೆಲ್ಲಿ, ಹೊಲದಲ್ಲಿ. ಇನ್ನು ಒಂದ್ ಸಾಲು ಅದೆ."

"ಹತ್ರ ಯಾರವ್ರೆ?"

"ಯಾರೂ ಇಲ್ಲ. ಅವೆಲ್ಲ ಟೀ ಕುಡಿಯಕ್ಕೆ ರಸ್ತೆ ತಕ್ಕೆ ಹೋದೊ. ಯಾಕ್ಲಾ, ದನಿ ಹಂಗದೆ?"

ಬಾಯಿ ಮುಚ್ಚಿಕೊಂಡು, ಅವಳು ಮನೆಗೆ ಬಂದ ಮೇಲೆ ಹೇಳಬೇಕಿತ್ತು. ನನ್ನ ಬುದ್ಧಿ ಎಂಥದು ಎಂದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿದೆ. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಹಾಳಾದ ಕ್ಯಾಸೆಟ್ಟು, ಗೆರೆ, ಭಾವ ಕಟ್ಟಿದ ಹತ್ತು ನಿಮಿಷ.

ಆ ಕಡೆ ಕಳೆ ಕೀಳುವ ಸದ್ದು ನಿಂತಿತು.

"ಮೊಕ ಕಟ್ಟದೂ ಸುಳ್ಳಾ?"

"ಸಿನಿಮಾದಲ್ಲಿದ್ದದ್ದು ಭಾವ ಕಟ್ಟಿದ ಕಥೆ. ಮುಖವಾಡ ಇರಲಿ, ಅದು ಬೇರೆ. ತಿರುಗಬಾರದು ಅನ್ನೋದು ಸುಳ್ಳು ಅಕ್ಕ."

ಆಮೇಲೆ ಅವಳ ದನಿ ತೀರ ಸಣ್ಣಗಾಯಿತು.

"ಮಾದು, ಆಗ್ಲಿಂದ್ಲೂವೆ ಹಿಂದ್ಗಡೆ ಏನೋ ಸೊಪ್ಪು ಅಲ್ಲಾಡ್ತಾ ಅದೆ. ಹಂದಿ ಅಂತ ಸುಮ್ನಿದ್ದೆ. ಈಗ ತಿರುಗ್ಲಾ?"

ಇಲ್ಲಿ ನಿಲ್ಲಿಸುತ್ತೇನೆ. ಓದುಗರೇ, ಬೈದುಕೊಳ್ಳಿ. ಹಂದಿಯೇ ಇರಬಹುದು. ಗಾಳಿ ಇರಬಹುದು. 'ತಿರುಗು' ಎಂದು ಬರೆದು ಹೊಡೆದು ಹಾಕಿದೆ. 'ತಿರುಗಬೇಡ' ಎಂದು ಬರೆದು ಅದನ್ನೂ ಹೊಡೆದು ಹಾಕಿದೆ. ಎರಡಕ್ಕೂ ಮುಂದಿನ ಸಾಲು ನನಗೆ ಬರುತ್ತದೆ, ಬರೆಯುವುದಿಲ್ಲ. ತೇಜಸ್ವಿನಿ ತಿದ್ದಿದ ಲೇಖನ ಕೇಳಿ ಇನ್ನೊಂದು ಲೈನಿನಲ್ಲಿ ಫೋನ್ ಮಾಡುತ್ತಿದ್ದಾರೆ, ಎತ್ತುವುದಿಲ್ಲ. ನಾನು ಬರೆಯದ ತನಕ ಅಕ್ಕ ಅರಿಶಿನದ ಎಲೆಗಳ ನಡುವೆ ಕುಡುಗೋಲು ಹಿಡಿದು, ಕಾಡಿಗೆ ಬೆನ್ನು ಹಾಕಿ, ಅಲುಗಾಡದೆ ನಿಂತಿದ್ದಾಳೆ.

"ಹೇಳ್ಲಾ," ಎನ್ನುತ್ತಿದ್ದಾಳೆ.