ತಂಗಿಯ ಅಂಕಣಕ್ಕೆ ಬೀಳುವ ಸರ್ವರ್

ನಮ್ಮ ಬಡಾವಣೆಯ ಸುದ್ದಿತಾಣ ನಡೆಯುವುದು ನನ್ನ ಮಲಗುವ ಕೋಣೆಯ ಹಳೇ ಕಂಪ್ಯೂಟರಿನಿಂದ. ಸರ್ವರ್ ಕಟ್ಟಿದವನು ನಾನು, ಸಂಪಾದಕ ನಾನು, ದಿನಾ ಸಂಪಾದಕೀಯ ಬರೆಯುವವನೂ ನಾನೇ. ಆದರೆ ಜನ ಮುಗಿಬೀಳುವುದು ನನ್ನ ತಂಗಿಯ ಅಂಕಣಕ್ಕೆ. ಅದರಲ್ಲಿ ಏನಿರುತ್ತದೆಂದು ತಲೆಬರಹ ನೋಡಿದರೇ ಗೊತ್ತಾಗುತ್ತದೆ: ಕ್ಷೌರದಂಗಡಿಗೆ ಹೊಸ ಕುರ್ಚಿ ಬಂತು, ಯಾರದೋ ಬೆಕ್ಕು ಇನ್ಯಾರದೋ ಮನೆಯಲ್ಲಿ ಹಾಲು ಕುಡಿಯಿತು. ಇಷ್ಟಕ್ಕೇ ದರ್ಜಿ ನನ್ನ ತೋಳಿನ ಅಳತೆ ತೆಗೆಯುತ್ತ, "ನಿಮ್ಮ ತಂಗಿ ಎಷ್ಟು ಚೆನ್ನಾಗಿ ಬರೀತಾರೆ ಸಾರ್!" ಎಂದ. ಹೊಟ್ಟೆ ಧಗಧಗ ಉರಿಯಿತು. ಅದು ಹೊಟ್ಟೆಕಿಚ್ಚೇ, ಬೇರೆ ಹೆಸರು ಹುಡುಕುವುದಿಲ್ಲ.

ಅದಾಗಿ ಮೂರು ವಾರ. ಅಂದಿನಿಂದ ಸರ್ವರ್ ದಿನಾ ಬೆಳಿಗ್ಗೆ ಎಂಟಕ್ಕೆ, ಅವಳ ಅಂಕಣ ಹೊರಬಿದ್ದ ಐದೇ ನಿಮಿಷಕ್ಕೆ, ಮಕಾಡೆ ಮಲಗತೊಡಗಿತು. ಫ್ಯಾನಿನ ಧೂಳು ಊದಿದೆ. ಕೇಬಲ್ ಬದಲಿಸಿದೆ. ಮೆಮೊರಿ ಕಳಚಿ, ಒರೆಸಿ, ಮತ್ತೆ ಕೂರಿಸಿದೆ. ಕೊನೆಗೆ "ನೀನು ಹಾಕೋ ಫೋಟೋಗಳೇ ಭಾರ ಕಣೆ" ಎಂದು ಅವಳ ಮೇಲೇ ಗೂಬೆ ಕೂರಿಸಿದೆ. ಪಾಪ, ಫೋಟೋ ಹಾಕುವುದನ್ನೇ ಬಿಟ್ಟಳು. ಮರುದಿನವೂ ಬಿತ್ತು.

ಭಾನುವಾರ ಅವಳು ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಳು.

"ಅಣ್ಣ, ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಎಲ್ಲಾನೂ ಗ್ರಂಥಾಲಯದ ಕಂಪ್ಯೂಟರಿಗೆ ಸಾಗಿಸ್ತೀನಿ. ಅಲ್ಲಿಯವರು ಒಪ್ಕೊಂಡಿದಾರೆ."

ಸರ್ವರ್ ಕೂಡ ಕೈತಪ್ಪಿದರೆ ನನಗೆ ಉಳಿಯುವುದು ಯಾರೂ ಮೂಸಿ ನೋಡದ ಸಂಪಾದಕೀಯ ಮಾತ್ರ.

"ಲಾಗ್ ತೆಗಿ, ನೋಡೋಣ" ಎಂದಳು. ಬೀಳುವ ಮುನ್ನ ತನಗೇನಾಯಿತೆಂದು ಯಂತ್ರವೇ ಬರೆದಿಡುವ ದಿನಚರಿ ಅದು. ತಪ್ಪು ಅವಳ ಅಂಕಣದ್ದೇ ಎಂದು ನಂಬಿದ್ದ ನಾನು ಅದನ್ನು ತೆರೆಯುವ ಗೋಜಿಗೇ ಹೋಗಿರಲಿಲ್ಲ.

ಅವಳ ಬೆರಳು ಪರದೆಯ ಮೇಲೆ ಸರಿದು ಒಂದು ಕಡೆ ನಿಂತಿತು. "ಪ್ರತಿ ಸಲ ಬೀಳೋಕೆ ಮುಂಚೆ ಇದೇ ಬರ್ತಿದೆ. 'ಎಣಿಕೆ' ಅಂತ. ಏನಣ್ಣ ಇದು?"

ಆ ದಿನ ದರ್ಜಿಯ ಅಂಗಡಿಯಿಂದ ಬಂದವನೇ ನಾನು ಕೂತು ಬರೆದ ಪುಟ್ಟ ಪ್ರೋಗ್ರಾಂ ಅದು. ಅವಳ ಅಂಕಣವನ್ನು ಯಾರಾದರೂ ತೆರೆದರೆ ಸಾಕು, ಎದ್ದು ಕೂತು, ಮೊದಲ ದಿನದಿಂದ ಅವಳಿಗೆಷ್ಟು ಓದುಗರು, ನನಗೆಷ್ಟು ಎಂದು ಎಣಿಸುತ್ತಿತ್ತು. ಇನ್ನೂರು ಜನ ಒಟ್ಟಿಗೆ ತೆರೆದರೆ ಇನ್ನೂರು ಎಣಿಕೆ ಒಟ್ಟಿಗೆ. ಮೆಮೊರಿ ತುಂಬಿ ಯಂತ್ರ ಕೈಚೆಲ್ಲುತ್ತಿತ್ತು.

ಬೇರೆ ದಾರಿಯಿಲ್ಲದೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಎಣಿಕೆಯ ಪಟ್ಟಿ ತೆರೆದು ನೋಡಿದಳು. ನಿನ್ನೆ, ಸರ್ವರ್ ಬೀಳುವಷ್ಟರಲ್ಲಿ, ಅವಳಿಗೆ ಇನ್ನೂರ ಹನ್ನೆರಡು. ನನಗೆ ಒಂದು. ಮೊನ್ನೆಯೂ ಒಂದು. ಆಚೆ ಮೊನ್ನೆಯೂ ಒಂದೇ.

"ಆ ಒಂದು ನಾನೇ ಅಣ್ಣ," ಎಂದಳು. "ದಿನಾ ಏಳೂವರೆಗೆ ನಿನ್ನದು ಓದಿ, ಆಮೇಲೆ ನನ್ನದು ಹಾಕೋದು."

ಅವಳದನ್ನು ನಾನು ಒಂದು ದಿನವೂ ಓದಿರಲಿಲ್ಲ. ಎಣಿಸಿದ್ದೆ ಅಷ್ಟೇ.

ಅವಳೆದುರೇ ಎಣಿಕೆಯನ್ನು ಅಳಿಸಿಹಾಕಿದೆ. ಸೋಮವಾರ ಎಂಟು ಹೊಡೆಯಿತು, ಎಂಟೂ ಹತ್ತಾಯಿತು, ಸರ್ವರ್ ಬೀಳಲಿಲ್ಲ. ಬಾಗಿಲು ಹಾಕಿಕೊಂಡು ಅವಳ ಅಂಕಣವನ್ನು ಮೊದಲ ಸಾಲಿನಿಂದ ಕೊನೆಯವರೆಗೂ ಓದಿದೆ. ನಿಜಕ್ಕೂ ಚೆನ್ನಾಗಿತ್ತು. ಹೊಟ್ಟೆ ಇನ್ನಷ್ಟು ಉರಿಯಿತು.