ಹಾ ಮುರಿಯಿತು

ಗೆಂಪಾಚಿ ಮೇಸ್ತ್ರಿಯ ಶೆಡ್ಡಿಗೆ ಇದ್ದದ್ದು ಒಂದೇ ಕಾನೂನು. ಚಪ್ಪಲಿಯ ಜೊತೆಗೆ ಹೊಟ್ಟೆಪಾಡನ್ನೂ ಬಾಗಿಲ ಹೊರಗೆ ಬಿಟ್ಟು ಬರಬೇಕು. ಭಾನುವಾರ ಮರ ಕೀಸಲು ಬರುವವರು ವಾರದ ಉಳಿದ ದಿನಗಳಲ್ಲಿ ಏನು ಮಾಡುತ್ತಾರೆಂದು ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ಹಿಂದೊಮ್ಮೆ ವಿಮೆ ಏಜೆಂಟನೊಬ್ಬ ಕೀಸುಳಿ ಹಿಡಿಯುವುದನ್ನು ಕಲಿಯುವ ನೆಪದಲ್ಲಿ ಬಂದು ಮೂರೇ ವಾರದಲ್ಲಿ ಮೇಸ್ತ್ರಿಗೂ, ಮೇಸ್ತ್ರಿಯ ಹೆಂಡತಿಗೂ, ಕೊನೆಗೆ ಅವರ ನಾಯಿಗೂ ಪಾಲಿಸಿ ಮಾಡಿಸಿ ನಾಪತ್ತೆಯಾಗಿದ್ದನಂತೆ. ಅಂದಿನಿಂದ ಈ ಕಟ್ಟಪ್ಪಣೆ.

ಆದರೆ ಬಾಯಿ ಕಟ್ಟಿದರೂ ಕೈ ಸುಮ್ಮನಿರಬೇಕಲ್ಲ! ಹಯಾಸೆ ಪ್ರತಿ ಸಲ ಕೀಸುಳಿ ಎಳೆಯುವ ಮುನ್ನ ಬೆರಳು ಚಾಚಿ, "ಅಲಗು, ಸರಿ! ಹಲಗೆ, ಸರಿ! ಹಿಂದೆ ಯಾರೂ ಇಲ್ಲ, ಸರಿ!" ಎಂದು ಕೂಗುತ್ತಿದ್ದ. ಅಲ್ಲಿನ ರೈಲು ಚಾಲಕರು ಸಿಗ್ನಲ್ ಕಂಡಾಗಲೆಲ್ಲ ಹೀಗೇ ಬೆರಳು ಚಾಚಿ ಕೂಗುತ್ತಾರೆ, ಅವನು ರೈಲು ಓಡಿಸುವವನೆಂದು ತಿಳಿಯಲು ಯಾರೂ ಶಾಸ್ತ್ರ ಕೇಳಬೇಕಾಗಿರಲಿಲ್ಲ. ಸುಮಿಎ ಎಂಬ ಗುಂಡಗಿನ ಹೆಂಗಸು ಎಷ್ಟೇ ಒರಟು ಹಲಗೆಯಾದರೂ ಎರಡೂ ಅಂಗೈಗಳನ್ನು ಅಡಿಗೆ ಕೊಟ್ಟು, ಉಸಿರು ಬಿಗಿಹಿಡಿದು, ಎಲ್ಲಿ ಒಡೆದುಹೋದೀತೋ ಎಂಬಂತೆ ಎತ್ತುತ್ತಿದ್ದಳು. ಬೆಳಗಿನ ಜಾವಕ್ಕೇ ಎದ್ದು, ಮುಟ್ಟಿದರೆ ಒಡೆಯುವ ಸೋಯಾ ಹಾಲಿನ ಗಿಣ್ಣು ತೋಫು ಮಾಡುವ ಕೈ ಅದು. ಇನ್ನು ಎಂಕೈ. ಆಗಸ್ಟಿನ ಬೇಗೆಯಲ್ಲೂ ಅವನು ಉಣ್ಣೆಯ ಟೋಪಿ ತೆಗೆದವನಲ್ಲ. ಮರ ಸೀಳಿದಾಗ ಉಳಿದವರ ಬಾಯಲ್ಲಿ ಬೈಗುಳ ಬಂದರೆ ಅವನ ಬಾಯಲ್ಲಿ ಮಂತ್ರ ಬರುತ್ತಿತ್ತು. ಟೋಪಿಯೊಳಗಿನ ಬೋಳುತಲೆ ಯಾವ ಮಠದ್ದೆಂಬುದು ಕೂಡ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದೇ ಅಲ್ಲಿನ ಮರ್ಯಾದೆ.

ಬಗೆಹರಿಯದೆ ಉಳಿದವಳು ತೊಮೊಯೆ ಒಬ್ಬಳೇ. ಅವಳು ಕೀಸುಳಿಯನ್ನು ತಲೆಕೆಳಗು ಮಾಡಿ, ಅದರ ಬಾಯಿಯ ಸೀಳಿನೊಳಗೆ ಒಂದು ಕಣ್ಣು ಮುಚ್ಚಿ ಇಣುಕುವ ಚೆಂದ ನೋಡಿ ಎಲ್ಲರಿಗೂ ಕುತೂಹಲ.

"ಗಡಿಯಾರ ರಿಪೇರಿ ಇರ್ಬೇಕು ಕಣ್ರೀ," ಎನ್ನುತ್ತಿದ್ದಳು ಸುಮಿಎ.

"ಅಲ್ಲಲ್ಲ, ಗೊಂಬೆಗೆ ಕಣ್ಣು ಕೂರಿಸೋರು," ಎನ್ನುತ್ತಿದ್ದ ಎಂಕೈ.

"ಇಬ್ರೂ ತಪ್ಪು. ಬಾಂಬ್ ಬಿಚ್ಚೋರು!" ಎಂದು ಹಯಾಸೆ ಕೂಗಿದರೆ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಸುಮಿಎ ನಕ್ಕರೆ ಕಿರುನಾಲಗೆ ಕಾಣುತ್ತಿತ್ತು. ತೊಮೊಯೆಯೂ ನಗುತ್ತಿದ್ದಳು. ನಗುತ್ತ ನಗುತ್ತಲೇ ಎದುರಿನ ಬಾಯಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಏಕೆಂದರೆ ತೊಮೊಯೆ ಹಲ್ಲಿನ ಡಾಕ್ಟರು. ಬೆಟ್ಟದೊಳಗಿನ ಸುರಂಗ ದಾಟಿದರೆ ಸಿಗುವ ಊರಿನಲ್ಲಿ ಹದಿನೆಂಟು ವರ್ಷದಿಂದ ಅವಳ ದವಾಖಾನೆ. ದಿನಕ್ಕೆ ಇಪ್ಪತ್ತು ಬಾಯಿಗಳು ಅವಳ ಮುಂದೆ ತೆರೆಯುತ್ತಿದ್ದವು, ಒಂದೂ ನಗುವುದಕ್ಕಲ್ಲ. ಅದನ್ನಾದರೂ ಸಹಿಸಿಕೊಂಡಾಳು. ಹೊರಗೂ ಅದೇ ಪಾಡಾದರೆ? ಇಲ್ಲಿಗೆ ಬರುವ ಮೊದಲು ಅವಳು ಹೆಂಗಸರ ಗಾಯನ ತಂಡವೊಂದಕ್ಕೆ ಸೇರಿದ್ದಳು. ಮೊದಲ ದಿನ ಪರಿಚಯ ಹೇಳಿಕೊಂಡಳು, ಅಷ್ಟೇ. ಮರುವಾರದಿಂದ ಅವಳ ಅಕ್ಕಪಕ್ಕದವರೆಲ್ಲ ತುಟಿಯನ್ನು ಗುಂಡಿಯ ತೂತಿನಷ್ಟೇ ಬಿಚ್ಚಿ ಹಾಡತೊಡಗಿದರು. ತಂಡದ ಮೇಷ್ಟ್ರು "ಬಾಯಿ ಬಿಡ್ರಮ್ಮಾ" ಎಂದು ಎಷ್ಟು ಬಡಿದುಕೊಂಡರೂ ಪ್ರಯೋಜನವಾಗಲಿಲ್ಲ. ತೊಮೊಯೆ ತಾನಾಗಿ ಬಿಟ್ಟು ಬಂದಳು, ಹಾಡು ಮತ್ತೆ ಜೋರಾಯಿತೆಂದು ಆಮೇಲೆ ಕೇಳಿದಳು. ಅವತ್ತು ಕಾರಿನಲ್ಲಿ ಒಬ್ಬಳೇ ಕೂತು ಅತ್ತಿದ್ದಳು.

ಹಾಗಾಗಿ ಈ ಶೆಡ್ಡಿನ ಕಾನೂನು ಅವಳ ಪಾಲಿಗೆ ವರ. ಆದರೆ ಆ ವರದಲ್ಲೂ ಒಂದು ಮುಳ್ಳಿತ್ತು. ಮೇಸ್ತ್ರಿಗೆ ಹಲ್ಲಿನ ಡಾಕ್ಟರೆಂದರೆ ಹಾವು ಕಂಡಂತೆ.

"ನನ್ನ ಒಳ್ಳೇ ಹಲ್ಲು ಕಿತ್ತು ಕೆಟ್ಟಿದ್ನ ಹಾಗೇ ಬಿಟ್ಟ ಕಣಯ್ಯಾ, ಮುಂಡೇಗಂಡ! ಮೂವತ್ತು ವರ್ಷ ಆಯ್ತು. ಮೊಳೆ ಕೀಳೋನಾದ್ರೂ ಮೊದ್ಲು ಯಾವ್ದು ಅಂತ ನೋಡ್ತಾನೆ. ಆ ಜಾತೀನ ಈ ಹೊಸಿಲು ದಾಟ್ಸಲ್ಲ ನಾನು."

ಹೀಗೆಂದು ಅಬ್ಬರಿಸುವಾಗ ಮೇಸ್ತ್ರಿಯ ಬಾಯಿ ಪೂರ್ತಿ ತೆರೆಯುತ್ತಿತ್ತು. ಕೆಳಗೆ ಎಡಗಡೆ ಒಂದು ದವಡೆ ಹಲ್ಲು. ಎರಡು ವರ್ಷದ ಹಿಂದೆ ಅದರ ಮೇಲೊಂದು ಕಪ್ಪು ಚುಕ್ಕೆಯಿತ್ತು. ಹೋದ ವರ್ಷ ಅದು ತೂತಾಯಿತು. ಈ ವರ್ಷ ಮೇಸ್ತ್ರಿ ಅಕ್ಕಿ ಬಿಸ್ಕತ್ತನ್ನು ಬಲಗಡೆಯೇ ಅಗಿಯತೊಡಗಿದರು. ತೊಮೊಯೆ ಎಲ್ಲವನ್ನೂ ನೋಡುತ್ತಲೇ ಇದ್ದಳು. ಪ್ರತಿ ಭಾನುವಾರ ಮನೆಗೆ ಹೋಗುವಾಗ ಮುಂದಿನ ವಾರ ಹೇಳಿಯೇ ಬಿಡುತ್ತೇನೆ ಅಂದುಕೊಳ್ಳುತ್ತಿದ್ದಳು, ಬಂದ ಮೇಲೆ ಆ ನಗುವಿನ ನಡುವೆ ಮಾತು ನುಂಗಿಕೊಳ್ಳುತ್ತಿದ್ದಳು. ಹೇಳಿದರೆ ಇಲ್ಲಿಂದಲೂ ಹೊರಗೆ, ಮತ್ತೆ ಎಲ್ಲಿಗೆ ಹೋಗುವುದು?

ಅಕ್ಟೋಬರಿನಲ್ಲಿ ಕೀಸುವ ಪಂದ್ಯ ಬಂತು. ಯಾರ ಕೀಸುಳಿ ಎಲ್ಲಕ್ಕಿಂತ ತೆಳುವಾದ ಸಿಪ್ಪೆಯನ್ನು ಹಲಗೆಯ ಈ ತುದಿಯಿಂದ ಆ ತುದಿಗೆ ಹರಿಯದಂತೆ ಎಬ್ಬಿಸುತ್ತದೋ ಅವರು ಗೆದ್ದರು. ತೆಳುವೆಂದರೆ ಎಷ್ಟು? ತಲೆಗೂದಲೊಂದನ್ನು ಉದ್ದಕ್ಕೆ ಇಪ್ಪತ್ತು ಸೀಳಾಗಿ ಸೀಳಿದಷ್ಟು. ಅದಕ್ಕಾಗಿ ತಿಂಗಳುಗಟ್ಟಲೆ ಅಲಗು ಮಸೆದು ಮಸೆದು ಮೇಸ್ತ್ರಿಯ ಬೆರಳ ತುದಿಗೆ ಚರ್ಮವೇ ಉಳಿದಿರಲಿಲ್ಲ.

ಪಂದ್ಯದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಕೊನೆಯ ರೋಗಿಯನ್ನು ಕಳಿಸಿ ತೊಮೊಯೆ ಕೈ ತೊಳೆಯುತ್ತಿದ್ದಾಗ ಫೋನು ಸದ್ದು ಮಾಡಿತು. ಮೇಸ್ತ್ರಿಯ ಸಂದೇಶ:

"ಹಾ ಮುರಿಯಿತು. ಬೇಗ ಬನ್ನಿ."

ಈಗ ಈ "ಹಾ"ದ ಸಂಗತಿ. ಅಲ್ಲಿಯವರ ಮಾತಿನಲ್ಲಿ ಹಲ್ಲಿಗೂ "ಹಾ", ಅಲಗಿಗೂ "ಹಾ". ಬರೆಯುವಾಗ ಎರಡಕ್ಕೂ ಬೇರೆ ಬೇರೆ ಚಿತ್ರಾಕ್ಷರವಿದೆ, ಗೊಂದಲವಿಲ್ಲ. ಆದರೆ ಎಪ್ಪತ್ತೆಂಟರ ಮೇಸ್ತ್ರಿಗೆ ಫೋನಿನಲ್ಲಿ ಆ ಅಕ್ಷರ ಹುಡುಕುವ ತಾಳ್ಮೆಯೂ ಇಲ್ಲ, ಕಣ್ಣೂ ಇಲ್ಲ. ಎಳೆಯ ಮಕ್ಕಳಂತೆ ಬರೀ ಉಚ್ಚಾರವನ್ನು ಒತ್ತಿ ಕಳಿಸಿಬಿಡುತ್ತಿದ್ದರು. ನಾಳೆ ಪಂದ್ಯ ಇಟ್ಟುಕೊಂಡ ಬಡಗಿ "ಹಾ ಮುರಿಯಿತು" ಎಂದರೆ ಬುದ್ಧಿ ನೆಟ್ಟಗಿದ್ದವರಿಗೆ ಅಲಗೇ ನೆನಪಾಗಬೇಕು. ಆದರೆ ಎರಡು ವರ್ಷದಿಂದ ಆ ಒಂದು ಹಲ್ಲನ್ನೇ ಎದೆಯ ಮೇಲೆ ಹೊತ್ತು ತಿರುಗುತ್ತಿದ್ದವಳ ಬುದ್ಧಿ ನೆಟ್ಟಗಿರುವುದು ಹೇಗೆ?

ತೊಮೊಯೆ ಇಕ್ಕಳ, ಕನ್ನಡಿ, ಅರಿವಳಿಕೆಯ ಸೂಜಿ, ಹತ್ತಿ, ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದಳು. ಬಿಳಿ ಕೋಟು ತೆಗೆಯಬೇಕೆಂಬ ಎಚ್ಚರವೂ ಇರಲಿಲ್ಲ. ಸುರಂಗದಲ್ಲಿ ಹಾರನ್ ಹೊಡೆಯುತ್ತ ಕಾರು ಓಡಿಸಿ, ಶೆಡ್ಡಿನ ಬಾಗಿಲು ತಳ್ಳಿ, ಬಲಗೈಯಲ್ಲಿ ಇಕ್ಕಳ ಹಿಡಿದು ಒಳಗೆ ನುಗ್ಗಿದಳು.

"ಎಲ್ಲಿ? ರಕ್ತ ಬರ್ತಾ ಇದ್ಯಾ? ಬಾಯಿ ತೆಗೀರಿ!"

ಒಳಗೆ ಅದೇ ಸಂದೇಶ ಸಿಕ್ಕಿ ಬಂದಿದ್ದ ಹಯಾಸೆ, ಸುಮಿಎ, ಎಂಕೈ ಮೂವರೂ ಸಾಣೆಕಲ್ಲು ಹಿಡಿದು ನಿಂತಿದ್ದರು. ಮೇಸ್ತ್ರಿಯ ಅಂಗೈಯಲ್ಲಿ ಮೂಲೆ ಚಕ್ಕೆ ಎದ್ದ ಅಲಗಿತ್ತು. ಹಳೆಯ ಹಲಗೆಯೊಂದರಲ್ಲಿ ಅಡಗಿದ್ದ ಮೊಳೆಗೆ ತಾಗಿತ್ತಂತೆ.

ಮೇಸ್ತ್ರಿ ಇಕ್ಕಳ ನೋಡಿದರು. ಕೋಟು ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ನಿಲ್ಲಿಸಿಟ್ಟಿದ್ದ ಅಗಲ ಹಲಗೆಯೊಂದರ ಮರೆಗೆ ನಿಂತರು.

"ಅಲಗು ಕಣಮ್ಮಾ," ಎಂದರು ಸಣ್ಣ ದನಿಯಲ್ಲಿ. "ಮುರಿದಿದ್ದು ಅಲಗು."

ಸುಮಿಎಯ ಕೈ ಮೆಲ್ಲಗೆ ಮೇಲೆದ್ದು ಬಾಯಿಯನ್ನು ಮುಚ್ಚಿತು. ಹಯಾಸೆಯ ತುಟಿ ಬಿಗಿಯಿತು. ಎಂಕೈ ತಲೆ ತಗ್ಗಿಸಿ, ತುಟಿ ಕದಲಿಸದೆ, "ಡಾಕ್ಟ್ರು ಕೂತ್ಕೊಳ್ಳಿ," ಎಂದ. ನಿನ್ನೆ ಮೊನ್ನೆಯವರೆಗೆ ಬಾಂಬ್ ಬಿಚ್ಚುವವಳು ಇವತ್ತು ಡಾಕ್ಟ್ರು! ತೊಮೊಯೆಗೆ ಗಾಯನ ತಂಡದ ಆ ತುಟಿಗಳೇ ಮತ್ತೆ ಎದುರು ನಿಂತಂತಾಯಿತು.

"ಕೂತ್ಕೊಳಲ್ಲ, ಹೋಗ್ತೀನಿ," ಎಂದಳು. "ಸುಳ್ಳು ಹೇಳ್ಬೇಕು ಅಂತ ಇರ್ಲಿಲ್ಲ. ನನ್ನ ಮುಂದೆ ಜನ ಬಾಯ್ತುಂಬಾ ನಗೋದು ಇಲ್ಲೊಂದೇ ಕಡೆ. ಅದಕ್ಕೋಸ್ಕರ ಬರ್ತಿದ್ದೆ. ತಪ್ಪಾಯ್ತು."

ಅವಳು ಬಾಗಿಲ ತನಕ ಹೋಗಿದ್ದಳು.

"ನಿಲ್ಲಮ್ಮ," ಎಂದರು ಮೇಸ್ತ್ರಿ. ಹಲಗೆಯ ಮರೆಯಿಂದ ತಲೆ ಮಾತ್ರ ಹೊರಗೆ ಬಂತು. "ಹಾ ಅಂದ ತಕ್ಷಣ ನನ್ನ ಹಲ್ಲೇ ಅಂತ ನಿಂಗೆ ಹೆಂಗೆ ಅನ್ನಿಸ್ತು?"

"ಕೆಳಗೆ, ಎಡಗಡೆ, ಹಿಂದಿನಿಂದ ಎರಡನೇದು."

ಮೇಸ್ತ್ರಿಯ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. "ಯಾವಾಗಿಂದ ಗೊತ್ತು?"

"ಎರಡು ವರ್ಷದಿಂದ."

"ಎರಡು ವರ್ಷ!" ಹಲಗೆ ದಡ್ಡೆಂದು ಕೆಳಗೆ ಬಿತ್ತು. ಮೇಸ್ತ್ರಿ ಪೂರ್ತಿ ಹೊರಗೆ ಬಂದರು, ಮುಖ ಕೆಂಪಗಾಗಿತ್ತು. "ಎರಡು ವರ್ಷದಿಂದ ನಾನು ಒಂದು ಕಡೆ ಅಗಿಯೋದು ನೋಡ್ಕೊಂಡು ಸುಮ್ನೆ ಕೂತಿದ್ಯಾ? ನಾನು ಸ್ನೇಹಿತನ ಮನೆಗೆ ಹೋಗ್ತೀನಿ ಅಂತಿಟ್ಕೋ. ಕಂಬಕ್ಕೆ ಗೆದ್ದಲು ಹಿಡಿದಿದ್ದು ಕಾಣ್ಸುತ್ತೆ. ಹೇಳಿದ್ರೆ ನಾಳೆಯಿಂದ ಟೀ ಕೊಡಲ್ವೇನೋ ಅಂತ ಟೀ ಕುಡಿದು ಎದ್ದು ಬರ್ತೀನಿ. ನಾನೆಂಥ ಬಡಗಿ?"

ತೊಮೊಯೆ ಕೈಯಲ್ಲಿದ್ದ ಇಕ್ಕಳವನ್ನು ಚೀಲಕ್ಕೆ ತುರುಕಿದಳು.

"ಜನ ಬಾಯಿ ಮುಚ್ಕೋತಾರೆ ಅಂತ ಅಳ್ತೀಯಲ್ಲ, ಇಷ್ಟು ದಿನ ಬಾಯಿ ಮುಚ್ಕೊಂಡಿದ್ದು ಯಾರಮ್ಮ? ನಾವಾ?"

ಆ ಮಾತು ನೇರವಾಗಿ ನಾಟಿತು. ಬೈಗುಳಕ್ಕಿಂತ ಹೆಚ್ಚು ನೋಯಿಸಿತು, ಏಕೆಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೊರಗೆ ಹಾಕಿಸಿಕೊಳ್ಳುವ ಭಯದಲ್ಲಿ ಅವಳು ಈ ಮುದುಕನ ನೋವನ್ನು ಎರಡು ವರ್ಷ ಬೆಳೆಯಲು ಬಿಟ್ಟಿದ್ದಳು. ತೊಮೊಯೆ ಬಾಗಿಲ ಬಳಿಯಿಂದ ವಾಪಸು ಬಂದಳು.

"ಕೂತ್ಕೊಳ್ಳಿ ಮೇಸ್ತ್ರಿಗಳೇ. ಇವತ್ತು ನೋಡ್ತೀನಿ ಅಷ್ಟೇ, ಕೀಳಲ್ಲ. ಆದ್ರೆ ಸೋಮವಾರ ನೀವು ಬರ್ಲೇಬೇಕು. ಬರ್ದಿದ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ."

"ಮೊದ್ಲು ಯಾವ್ದು ಅಂತ ಸರಿಯಾಗಿ ನೋಡು," ಎಂದು ಗೊಣಗುತ್ತ ಮೇಸ್ತ್ರಿ ಮರದ ದಿಮ್ಮಿಯ ಮೇಲೆ ಕುಕ್ಕರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ತೆರೆದರು. ಎರಡೂ ಕೈ ಮೊಣಕಾಲನ್ನು ಅವುಚಿಕೊಂಡಿದ್ದವು. ಮೂವತ್ತು ವರ್ಷದಲ್ಲಿ ಆ ಬಾಯಿ ಯಾವ ಡಾಕ್ಟರ ಮುಂದೆಯೂ ತೆರೆದಿರಲಿಲ್ಲ. ಹಯಾಸೆ ಫೋನಿನ ಬೆಳಕು ಹಿಡಿದ. ತೊಮೊಯೆ ಕನ್ನಡಿ ಎತ್ತಿಕೊಂಡು, ಅಲ್ಲಿ ಹಲ್ಲಿನ ಡಾಕ್ಟರ ಕುರ್ಚಿ ಹತ್ತಿದವರೆಲ್ಲ ಕೇಳಿರುವ, ಹದಿನೆಂಟು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ನಾಲಗೆಗೇ ಅಂಟಿಹೋಗಿದ್ದ ಮಾತನ್ನು ಹೇಳಿದಳು.

"ನೋವಾದ್ರೆ ಎಡಗೈ ಎತ್ತಿ."

ಕನ್ನಡಿ ಇನ್ನೂ ತುಟಿಯನ್ನೂ ಮುಟ್ಟಿರಲಿಲ್ಲ. ಮೇಸ್ತ್ರಿಯ ಎಡಗೈ ಮೇಲೆದ್ದಿತು. ಹಿಂದೆ ತಿರುಗಿ ನೋಡಿದರೆ ಸುಮಿಎಯ ಎಡಗೈ, ಎಂಕೈಯ ಎಡಗೈ, ಬೆಳಕು ಹಿಡಿದಿದ್ದ ಹಯಾಸೆಯದೂ!

ಮೊದಲು ನಕ್ಕವಳು ಸುಮಿಎ. ಬಾಯಿಗೆ ಅಡ್ಡ ಹಿಡಿದ ಕೈ ಮೇಲೆ ಹೋಗಿತ್ತಲ್ಲ, ಇನ್ನೊಂದನ್ನು ತರುವುದು ಅವಳಿಗೆ ಮರೆತೇಹೋಗಿತ್ತು. ಆಮೇಲೆ ಎಂಕೈ, ಆಮೇಲೆ ಹಯಾಸೆ. ಕೊನೆಗೆ ಮೇಸ್ತ್ರಿ ಕೂಡ, ಬಾಯಿ ತೆರೆದಿದ್ದಂತೆಯೇ. ಫೋನಿನ ಬೆಳಕು ಕುಣಿದು ಒಬ್ಬೊಬ್ಬರ ಬಾಯಿಯ ಮೇಲೂ ಹಾದುಹೋಯಿತು. ತೊಮೊಯೆ ಕಣ್ಣೊರೆಸಿಕೊಂಡು ಎಲ್ಲರನ್ನೂ ನೋಡಿದಳು. ಈ ಸಲ ಮಾತು ನುಂಗಿಕೊಳ್ಳಲಿಲ್ಲ.

"ಹಯಾಸೆ, ನಿಮ್ದೂ ಮೇಲಿಂದು ಬಲಗಡೆ ಒಂದು ತೂತಾಗಿದೆ."

ಹಯಾಸೆಯ ಬಾಯಿ ಟಪ್ಪೆಂದು ಮುಚ್ಚಿತು. ಶೆಡ್ಡಿನಲ್ಲಿ ಎಲ್ಲರೂ ಅವನ ಮುಖವನ್ನೇ ನೋಡಿದರು. ಅವನು ನಾಲಗೆಯಿಂದ ಒಳಗೇ ತಡಕಾಡಿ ಆ ಜಾಗ ಹುಡುಕಿಕೊಂಡ. ಆಮೇಲೆ ಮತ್ತೆ ಬಾಯಿ ತೆರೆದ.

"ಸೋಮವಾರ ಎಷ್ಟು ಗಂಟೆಗೆ ಬರ್ಲಿ?"